ಟಾಕಿಯ ಕೆಳಗಿನ ಓಣಿಗೆ ಬಂದ ಸುದ್ದಿ

ರೇಣವ್ವನ ಕಿವಿ ಮಂದವಾಗಿತ್ತು. ಹಾಗಾಗಿ ಅವಳ ಕೈಯಲ್ಲಿದ್ದ ಸುದ್ದಿಕಡಗ ಬೇರೆಯವರ ಕಡಗದಂತೆ ಪಿಸುಗುಟ್ಟುತ್ತಿರಲಿಲ್ಲ, ಇಡೀ ಕಟ್ಟೆಗೆ ಕೇಳುವಂತೆ ಮಾತಾಡುತ್ತಿತ್ತು.

"ನಮಸ್ಕಾರ ರೇಣವ್ವ. ನಿಮ್ಮ ಓಣಿಯ ನೀರಿನ ಟಾಕಿಯನ್ನು ತಜ್ಞರು ನೋಡಿಹೋಗಿದ್ದಾರೆ. ಆಗಾಗ ಇಂಥ ತಪಾಸಣೆ ನಡೆಯುವುದು ಒಳ್ಳೆಯದು. ಉಳಿದದ್ದು ನಾಳೆ."

ಕಟ್ಟೆಯ ಇನ್ನೊಂದು ತುದಿಗೆ ಕೂತಿದ್ದ ಭೂಮಿಕಾ ಹಾದಿಮನಿಯ ಕೈಯಲ್ಲಿ ಚಹಾದ ಲೋಟ ಹಾಗೇ ನಿಂತಿತು. ನಾಲ್ಕು ದಿನದ ಹಿಂದೆ ಆ ಸುದ್ದಿ ಬರೆದವಳು ಅವಳೇ. ಆದರೆ ಅವಳು ಬರೆದದ್ದು ಇದಲ್ಲ. ಟಾಕಿಯ ಕಂಬಗಳ ಒಳಗಿನ ಕಬ್ಬಿಣವನ್ನು ತುಕ್ಕು ತಿಂದುಹಾಕಿದೆ, ಮೇಲಿನ ಗಿಲಾವು ಬರೀ ಸಿಪ್ಪೆಯಂತೆ ನಿಂತಿದೆ, ಟಾಕಿ ಯಾವ ದಿನವಾದರೂ ನೇಕಾರ ಓಣಿಯ ಮೇಲೆ ಕುಸಿಯಬಹುದು, ಕೆಳಗಿನವರು ಇವತ್ತೇ ಮನೆ ಬಿಡಬೇಕು ಎಂದು ಪರೀಕ್ಷೆ ಮಾಡಿದ ಇಂಜಿನಿಯರರ ಹೆಸರು ಹಾಕಿಯೇ ಅವಳು ಬರೆದಿದ್ದಳು. ಹುಣಸಿಗೇರಿ ಊರಿನಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿದೆ ಎಂದು ಕಚೇರಿಯ ಪರದೆ ತೋರಿಸಿತ್ತು. ಎಷ್ಟು ಮನೆ ಖಾಲಿಯಾದವೋ ನೋಡಿಕೊಂಡು ಮುಂದಿನ ಸುದ್ದಿ ಮಾಡೋಣವೆಂದು ಬಂದಿದ್ದಳು. ಬಂದು ನೋಡಿದರೆ ಮಗ್ಗಗಳು ಖಟಪಟ ನಡೆದಿವೆ, ಬಾಗಿಲಲ್ಲಿ ರಂಗೋಲಿ ಬಿದ್ದಿದೆ, ಹಗ್ಗದ ಮೇಲೆ ಬಣ್ಣದ ನೂಲು ಒಣಗುತ್ತಿದೆ. ಇವೆಲ್ಲದರ ತಲೆಯ ಮೇಲೆ ಟಾಕಿ ತುಂಬಿ ನಿಂತಿದೆ.

ಸುದ್ದಿಕಡಗ ಬಂದು ಆಗ ಹನ್ನೆರಡು ವರ್ಷವಾಗಿತ್ತು. ಇಪ್ಪತ್ತೊಂದನೆಯ ಶತಮಾನಕ್ಕೆ ಅರವತ್ತು ವರ್ಷ ದಾಟಿತ್ತು. ಅದಕ್ಕೂ ಮೊದಲು ಜನ ಸುದ್ದಿ ಕೇಳುವುದನ್ನೇ ಬಿಟ್ಟಿದ್ದರು. ಕೇಳಿದರೆ ನಿದ್ದೆ ಬಾರದು, ಅನ್ನ ಸೇರದು. ಆಗ ಧಾರವಾಡದ ಡಾ. ವಿನಯಾ ಕುಂದಗೋಳ ಈ ಕಡಗ ಮಾಡಿದರು. ಮಣಿಕಟ್ಟಿನಲ್ಲಿ ಕೂತು ಅದು ನಾಡಿ ನೋಡುತ್ತದೆ. ಸುದ್ದಿಯ ಮೊದಲ ಮಾತು ಕೇಳಿದಾಗ ನಾಡಿ ಎಷ್ಟು ಏರಿತು, ಬೆವರು ಎಷ್ಟು ಬಂತು ಎಂದು ಅಳೆದು, ಆ ಮನುಷ್ಯನಿಗೆ ತಡೆಯುವಷ್ಟನ್ನೇ ಹೇಳಿ ಉಳಿದದ್ದನ್ನು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಹಂಚುತ್ತದೆ. ಕೂಸಿಗೆ ಅನ್ನ ನುರಿದು ನುರಿದು ತಿನ್ನಿಸಿದ ಹಾಗೆ. ಸುಳ್ಳು ಹೇಳುವುದಿಲ್ಲ. ಇದೇ ಅದರ ದೊಡ್ಡ ಹೆಗ್ಗಳಿಕೆಯಾಗಿತ್ತು. ಊರಿಗೆ ಊರೇ ಮತ್ತೆ ಸುದ್ದಿ ಕೇಳತೊಡಗಿತು, ಯಾರ ನಿದ್ದೆಯೂ ಕೆಡಲಿಲ್ಲ. ವರದಿಗಾರರು ಬರೆದು ಕಳಿಸುತ್ತಿದ್ದರು. ಒಬ್ಬೊಬ್ಬರ ಕಿವಿಗೆ ಅದು ಏನಾಗಿ ಬಿತ್ತು ಎಂದು ಕೇಳುವುದು ಅವರ ಖಾಸಗಿತನಕ್ಕೆ ಕೈಹಾಕಿದಂತೆ ಎಂದು ಕಾನೂನೇ ಇತ್ತು. ಬರೆದವರು ತಾವು ಯಾರ ಬಗ್ಗೆ ಬರೆದರೋ ಅವರ ಮನೆಗೆ ಮರಳಿ ಹೋಗುವ ಪದ್ಧತಿಯೂ ಹಾಗೇ ಸವೆದುಹೋಯಿತು.

"ಅವ್ವಾ, ಆ ಟಾಕಿ ಬೀಳಂಗೈತಿ," ಎಂದಳು ಭೂಮಿಕಾ. "ನೀವೆಲ್ಲಾ ಇವತ್ತ ಮನಿ ಬಿಡಬೇಕು."

"ಯಾರಂದ್ರವಾ?"

"ನಾನ ಬರ್ದೀನಿ."

"ಕಡಗದಾಗ ಬಂದಿಲ್ಲಲ್ಲ!" ರೇಣವ್ವ ನಕ್ಕಳು. ಆದರೂ ಕಣ್ಣು ಒಮ್ಮೆ ಮೇಲೆ ಹೋಯಿತು. ಉಸಿರು ಒಂದಿಷ್ಟು ಬಿರುಸಾಯಿತು. ಕೂಡಲೇ ಕಡಗ ತಾನಾಗಿಯೇ ಮಾತಾಡಿತು:

"ರೇಣವ್ವ, ಸ್ವಲ್ಪ ನೀರು ಕುಡಿಯಿರಿ. ಟಾಕಿಯ ಸುದ್ದಿ ಸದ್ಯಕ್ಕೆ ಸಾಕು. ಇವತ್ತು ಸಂತೆಗೆ ಎಳೆ ಬದನೆಕಾಯಿ ಬಂದಿದೆ."

"ನೋಡು, ಅದೂ ಸಾಕಂತೈತಿ," ಎಂದು ರೇಣವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಗ ಭೂಮಿಕಾಗೆ ಲೆಕ್ಕ ತಿಳಿಯಿತು. ಊರಾಚೆಯವನಿಗೆ ಈ ಸುದ್ದಿಯಿಂದ ನಾಡಿ ಏರುವುದಿಲ್ಲ, ಅವನಿಗೆ ಪೂರಾ ಸುದ್ದಿ. ಟಾಕಿಯ ಕೆಳಗಿನವಳಿಗೆ ಅದು ಜೀವದ ಪ್ರಶ್ನೆ, ಅವಳಿಗೆ ಚಮಚೆಯಷ್ಟು. ಅಂಜಿಕೆ ಹೆಚ್ಚಾದಷ್ಟೂ ಸುದ್ದಿ ಕಡಿಮೆ. ಪುರಸಭೆಯ ಅಧಿಕಾರಿ ಟಾಕಿ ಖಾಲಿ ಮಾಡಿಸದೆ ಮುಂದಿನ ವಾರಕ್ಕೆ ಸಭೆ ಕರೆದದ್ದೂ ಈಗ ಅರ್ಥವಾಯಿತು. ಹೊಣೆ ಅವರ ಕುತ್ತಿಗೆಗೆ ಬರುವಂಥದ್ದು, ಅವರ ಪಾಲಿಗೂ ಕಡಗ ನುಣ್ಣಗೆ ನುರಿದೇ ಕೊಟ್ಟಿರಬೇಕು.

ಇದೆಲ್ಲ ಹೊಳೆದರೂ ಅವಳ ಎದೆಯಲ್ಲಿ ಏನೂ ಆಗಲಿಲ್ಲ. ಆಗಬೇಕಿತ್ತು ಅನಿಸಿತು, ಅಷ್ಟೆ. ಉಳಿದ ಚಹಾ ಕುಡಿದು ಲೋಟ ಕೆಳಗಿಟ್ಟಳು.

ಅಷ್ಟರಲ್ಲಿ ಜೈತುನಬಿ ಗಾಜಿನ ಬಳೆಗಳ ಬುಟ್ಟಿ ಹೊತ್ತು ಬಂದಳು. ಅವಳ ಮನೆ ಹೆದ್ದಾರಿಯ ಆಚೆ. ಇತ್ತೀಚೆಗೆ ಅವಳು ದಿನಾ ಈ ಓಣಿಗೆ ಬರುತ್ತಿದ್ದಳು, ಕೇಳದಿದ್ದರೂ ಎರಡು ಬಳೆ ಹೆಚ್ಚಿಗೆ ತೊಡಿಸುತ್ತಿದ್ದಳು. ಬಂದವಳು ಮೊದಲು ಟಾಕಿ ನೋಡಿದಳು, ಆಮೇಲೆ ರೇಣವ್ವನನ್ನು ನೋಡಿದಳು.

"ನಿನಗ ಗೊತ್ತಿತ್ತು, ಹೌದಿಲ್ಲೊ?" ಎಂದು ಭೂಮಿಕಾ ಕೇಳಿದಳು.

"ಟಾಕಿದಲ್ಲಾ? ಗೊತ್ತಿತ್ರಿ ಅಕ್ಕಾರ. ಕಂಬದಾಗಿನ ಕಬ್ಬಿಣಾ ಹೋಗೈತಿ ಅಂತ ಪೂರಾ ಕೇಳೀನಿ."

"ಮತ್ತ ಇವರಿಗ್ಯಾಕ ಹೇಳಲಿಲ್ಲ?"

ಜೈತುನಬಿ ಬುಟ್ಟಿ ಇಳಿಸಿದಳು. "ಅವರ ಸುದ್ದಿ ಅವರಿಗೆ ನಾ ಏನ್ ಹೇಳೂದ್ರಿ? ನನಗಿಂತ ಮೊದಲ ತಿಳದಿರ್ತೈತಿ ಅನ್ಕೊಂಡೆ. ಸತ್ತವರ ಮನಿ ಬಾಗಲಾಗ ನಿಂತು, ನಿಮ್ಮ ಮನ್ಯಾಗ ಸತ್ತಾರ ಅಂತ ಯಾರರ ಅಂತಾರೇನು? ಪಾಪ, ಗೊತ್ತಿದ್ದೂ ಎಷ್ಟು ಗಟ್ಟಿ ಅದಾರ ಇವ್ರು ಅಂತ ನಾ ದಿನಾ ಬಂದು ನೋಡಿ ಹೋಗ್ತಿದ್ದೆ."

"ಅಂಜಿಕಿ ಬರಲಿಲ್ಲ ನಿನಗ?"

"ಅದ ತಿಳೀವಲ್ದು. ಕೇಳಿದಾಗ ಅಯ್ಯ ಅನಿಸ್ತು. ಆಮ್ಯಾಲ ಉಪ್ಪಿಟ್ಟು ತಿಂದೆ."

"ಏನ್ ಗುಸುಗುಸು ನಡ್ಸೀರಿ? ಜೋರ ಹೇಳ್ರೆವಾ, ನಾನೂ ನಗ್ತೀನಿ," ಎಂದಳು ರೇಣವ್ವ.

ಭೂಮಿಕಾ ಎದ್ದು ಬೇವಿನ ಮರದ ಬುಡಕ್ಕೆ ಹೋಗಿ ಡಾ. ವಿನಯಾ ಅವರಿಗೆ ಫೋನು ಹಚ್ಚಿದಳು. ಹಿಂದೊಮ್ಮೆ ಸಂದರ್ಶನಕ್ಕೆಂದು ಅವರ ಮನೆಗೆ ಹೋಗಿದ್ದಳು. ಓಣಿಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು.

"ಅದು ಕೆಟ್ಟಿಲ್ಲ ಭೂಮಿಕಾ," ಎಂದರು ಅವರು. "ನಾ ಮಾಡಿದ ಹಂಗ ನಡದದ. ಯಾರಿಗೆ ಹೆಚ್ಚು ನೋವಾಗ್ತದೋ ಅವರಿಗೆ ಮೆಲ್ಲಕ."

"ಹಂಗಾರ ಈ ಓಣಿಗೆ ಪೂರಾ ಸುದ್ದಿ ಯಾವಾಗ ಮುಟ್ಟತೈತ್ರಿ?"

"ಟಾಕಿ ಬಿದ್ದ ಮ್ಯಾಲೂ ಮುಟ್ಟಬಹುದು."

"ಇವರ ಪೂರ್ತೆ ಆ ಮಿತಿ ತಗೀಲಿಕ್ಕೆ ಬರೂದಿಲ್ಲೇನು?"

"ಅಂಥ ಕೀಲಿ ನಾ ಇಟ್ಟಿಲ್ಲ. ಇಟ್ಟಿದ್ರ ಅಧಿಕಾರದಾಗ ಇದ್ದವರು, ಸರಕು ಮಾರೋರು ಮೊದಲ ಅದನ್ನ ತಿರುವ್ತಿದ್ರು. ನಮ್ಮವ್ವ ಟೀವಿ ಮುಂದ ಕೂತು ಗಡಗಡ ನಡುಗೂದನ್ನ ನೋಡಿ ಬೆಳದಾಕಿ ನಾನು. ಮಂದೀನ್ನ ಅಂಜಿಸೂ ಕೀಲಿ ಯಾರ ಕೈಯಾಗೂ ಇರಬಾರದು ಅಂತ..." ಆಮೇಲೆ ನಿಧಾನವಾಗಿ ಹೇಳಿದರು: "ಒಂದದ. ಕಡಗ ನಾಡಿ ನೋಡ್ತದ, ಮನುಷ್ಯಾರನ್ನ ನೋಡೂದಿಲ್ಲ. ಒಬ್ಬರ ಕಡಗ ಇನ್ನೊಬ್ಬರ ಕೈಯಾಗ ಇದ್ರ ಆ ಕೈಗೆ ತಡಿಯೂವಷ್ಟು ಹೇಳ್ತದ."

ಭೂಮಿಕಾ ಕಟ್ಟೆಗೆ ಮರಳಿ, ಕಡಗ ತೆಗೆದು ಜೈತುನಬಿಗೆ ಕೊಡು ಎಂದರೆ ರೇಣವ್ವ ಸುತಾರಾಂ ಒಪ್ಪಲಿಲ್ಲ. "ಈ ಕೈಯಾಗ ಬ್ಯಾರೆ ಬಳಿ ಇಲ್ಲ, ಮುತ್ತೈದಿ ಕೈ ಬರಿ ಮಾಡ್ತಾರೇನವಾ? ನಮ್ಮನಿಯವ್ರು ಇನ್ನೂ ಒಳಗ ಕುಂತು ಅವಲಕ್ಕಿ ತಿನ್ನಾಕತ್ತಾರ!"

"ಕಡಗಾ ತಗದ್ರ ಅವಲಕ್ಕಿ ಗಂಟಲಾಗ ಸಿಕ್ಕೊಳ್ಳೂದಿಲ್ಲ ಬಿಡು," ಎಂದು ಜೈತುನಬಿ ಗದರಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನಾ ಬಳಿಗಾರಾಕಿ. ನಾ ತಗದ್ರ ದೋಷಾ ಇಲ್ಲ. ಮೊದಲ ಹಸರ ಬಳಿ ಏರಸ್ತೀನಿ, ಆಮ್ಯಾಲ ಕಡಗಾ ಇಳಸ್ತೀನಿ. ಒಂದ ಗಳಿಗಿನೂ ಕೈ ಬರಿ ಇರೂದಿಲ್ಲ. ಸರೀನಾ?"

ಕಡಗ ಜೈತುನಬಿಯ ಕೈಗೆ ಬಂದು ಅವಳ ನಾಡಿ ನೋಡಿತು. ಆಮೇಲೆ ಅದೇ ಮೆದು ದನಿಯಲ್ಲಿ, ಒಂದಕ್ಷರ ಬಿಡದೆ, ಭೂಮಿಕಾ ಬರೆದದ್ದನ್ನು ಓದಿತು. ತುಕ್ಕು, ಸಿಪ್ಪೆ, ಕುಸಿತ, ಇವತ್ತೇ.

ರೇಣವ್ವ ಅಳಲಿಲ್ಲ, ಚೀರಲಿಲ್ಲ. ಹನ್ನೆರಡು ವರ್ಷದಿಂದ ಇಂಥ ಪೆಟ್ಟು ತಿಂದಿರದ ಮುಖಕ್ಕೆ ಹೇಗೆ ಮುದುಡಬೇಕೆಂಬುದೇ ಮರೆತಂತಿತ್ತು. ಒಳಗೆ ಹೋಗಿ ಒಲೆ ಆರಿಸಿದಳು. ಹೊರಗೆ ಬಂದು, "ಎಲ್ಲಿಗೆ ಹೋಗೂದು?" ಎಂದಳು.

"ಹೆದ್ದಾರಿ ಆಚಿ ಸಾಲಿ ಐತಿ. ರಜಾ ಐತಿ, ಖೋಲಿ ಖಾಲಿ ಅದಾವು," ಎಂದಳು ಜೈತುನಬಿ.

ಮನೆಮನೆಯ ಹೆಂಗಸರ ಬಳಿ ಜೈತುನಬಿ ಹೋದಳು. ಬಳೆ ಏರಿಸುವುದು, ಕಡಗ ಇಳಿಸುವುದು, ತಾನು ತೊಟ್ಟು ಕೇಳಿಸುವುದು. ಗಂಡಸರ ಕಡಗಗಳನ್ನು ಭೂಮಿಕಾ ತೊಟ್ಟಳು. ಮೊದಲನೆಯದನ್ನು ತೊಡುವಾಗ ಅವಳಿಗೆ ಅಳುಕಿತ್ತು. ತಾನು ಈ ಜನರ ಚಹಾ ಕುಡಿದವಳು, ತನ್ನ ಕೈಯಲ್ಲಿ ಸುದ್ದಿ ನುರಿದುಹೋದರೆ ಏನು ಗತಿ ಎಂದು. ನುರಿಯಲಿಲ್ಲ. ಮನೆಯಿಂದ ಮನೆಗೆ, ಪ್ರತಿ ಕಡಗವೂ ಅವಳ ಮಣಿಕಟ್ಟಿನಲ್ಲಿ ಪೂರಾ ಸುದ್ದಿ ಓದಿತು. ತನ್ನ ನಾಡಿ ಅಷ್ಟು ಸಮವಾಗಿ ಬಡಿಯುತ್ತಿದೆ ಎಂದು ಅವಳಿಗೆ ತಿಳಿದದ್ದು ಆಗಲೇ. ಕೆಲಸಕ್ಕೆ ಅದರಿಂದ ಅನುಕೂಲವೇ ಆಯಿತು.

ಕೊನೆಯ ಮನೆಯ ಪರಸಪ್ಪ ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದ ಏಳಲಿಲ್ಲ.

"ನನ್ನ ಕಡಗ ನನ್ನ ಕೈಯಾಗ ಇರ್ಲಿ ತಂಗಿ. ನನ್ನ ಸುದ್ದಿ ಬ್ಯಾರೇದವ್ರು ಯಾಕ ಕೇಳಬೇಕು?"

"ಮಾಮಾ, ಎಲ್ಲಾರೂ ಹೊಂಟಾರ."

"ಹೋಗ್ಲಿ. ಸೀರಿ ಸೆರಗಷ್ಟ ನೇಯೂದು ಉಳದೈತಿ. ಇದನ್ನ ಇಳಿಸಿ ಬರ್ತೀನಿ."

ಇನ್ನೊಮ್ಮೆ ಹೇಳಬಹುದಿತ್ತು. ಕೈ ಹಿಡಿದು ಎಳೆಯಬಹುದಿತ್ತು, ಜಗಳ ತೆಗೆಯಬಹುದಿತ್ತು. ಅವರ ಖಾಸಗಿ ವಿಷಯ, ಒಪ್ಪಲಿಲ್ಲ ಎಂದುಕೊಂಡು ಭೂಮಿಕಾ ಮೆಟ್ಟಿಲಿಳಿದಳು. ಸಂಜೆಯ ಹೊತ್ತಿಗೆ ಓಣಿ ಖಾಲಿಯಾಯಿತು. ಒಂದು ಮಗ್ಗದ ಸದ್ದು ಮಾತ್ರ ಉಳಿಯಿತು.

ಮರುದಿನ ಊಟದ ಹೊತ್ತಿಗೆ ಟಾಕಿ ಬಿತ್ತು. ಶಾಲೆಯ ಪಡಸಾಲೆಯಲ್ಲಿ ಕೂತವರಿಗೆ ಮೊದಲು ನೆಲ ನಡುಗಿದ್ದು ಗೊತ್ತಾಯಿತು, ಆಮೇಲೆ ನೀರಿನ ಭೋರ್ಗರೆತ. ಓಣಿಯ ಮನೆಗಳಲ್ಲಿ ಗೋಡೆಗಳಿಗಿಂತ ನೂಲೇ ಹೆಚ್ಚು ಉಳಿದಿತ್ತು, ಕೆಂಪು ಹಸಿರು ಎಳೆಗಳು ಕೆಸರಿನಲ್ಲಿ ದೂರದ ತನಕ ಹರಿದು ಬಿದ್ದಿದ್ದವು. ಪರಸಪ್ಪನನ್ನು ಮಗ್ಗದ ಕುಣಿಯಿಂದ ತೆಗೆದರು. ಸೀರೆಯನ್ನು ಅವನು ಮುಗಿಸಿದ್ದನೋ ಇಲ್ಲವೋ, ಯಾರಿಗೂ ಹೇಳಲಾಗಲಿಲ್ಲ.

ಭೂಮಿಕಾ ಎಲ್ಲವನ್ನೂ ಬರೆದಳು. ಹೆಸರು, ವಯಸ್ಸು, ಅವನು ಆಡಿದ ಕೊನೆಯ ಮಾತು. ಒಂದು ಅಕ್ಷರವೂ ತಪ್ಪಲಿಲ್ಲ, ಬೆರಳು ಎಲ್ಲಿಯೂ ನಿಲ್ಲಲಿಲ್ಲ. ಕಳಿಸಿ ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುವಾಗ ಅವಳ ಕಡಗ ಮಾತಾಡಿತು:

"ನಮಸ್ಕಾರ ಭೂಮಿಕಾ. ನೇಕಾರ ಓಣಿಯಲ್ಲಿ ಇವತ್ತು ನೀರು ಹರಿದಿದೆ. ಬಹಳ ಜನ ಸುರಕ್ಷಿತವಾಗಿದ್ದಾರೆ. ಉಳಿದದ್ದು ನಾಳೆ."

ಅವಳು ಒದ್ದೆ ಕೈಯಲ್ಲಿ ಹಾಗೇ ನಿಂತಳು. ತಾನೇ ಬರೆದ ಸುದ್ದಿ ತನಗೇ ಪೂರಾ ಬರಲಿಲ್ಲ. ಅಂದರೆ ಒಳಗೆ ಎಲ್ಲೋ ನೋವಾಗಿದೆ. ಅದು ಅವಳಿಗೆ ಗೊತ್ತಾಗಿರಲಿಲ್ಲ, ಕಡಗಕ್ಕೆ ಗೊತ್ತಾಗಿತ್ತು. ಎಲ್ಲಿ ನೋಯುತ್ತಿದೆ ಎಂದು ಹುಡುಕುವವಳಂತೆ ಬಹಳ ಹೊತ್ತು ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. ಕಡೆಗೆ ಕಡಗ ತೆಗೆದು ಹಲಗೆಯ ಮೇಲಿಟ್ಟಳು. ಅಳು ಆಗಲೂ ಬರಲಿಲ್ಲ.

ನೇಕಾರ ಓಣಿಯ ಕತೆ ಬೇರೆ ಊರುಗಳಿಗೂ ಹೋಯಿತು. ಅಲ್ಲಲ್ಲಿ ಜನ ವಾರಕ್ಕೊಮ್ಮೆ ಕಡಗ ಬಿಚ್ಚಿ, ದೂರದ ಓಣಿಯವರ ಕೈಗೆ ತೊಡಿಸಿ, ನನ್ನ ಸುದ್ದಿ ನನಗೆ ಹೇಳು ಎನ್ನತೊಡಗಿದರು. ಸುದ್ದಿಮನೆಯವರೂ ಬರೆದು ಕಳಿಸಿ ಸುಮ್ಮನಿರದೆ ಆ ಮನೆಗಳಿಗೆ ಹೋಗಿ ಕಟ್ಟೆಯ ಮೇಲೆ ಕೂರತೊಡಗಿದರು. ಕೆಲವರನ್ನು ಜನ ಒಳಗೆ ಕರೆದರು, ಕೆಲವರಿಗೆ ಬಾಗಿಲು ಹಾಕಿದರು.

ಒಂದು ಮಧ್ಯಾಹ್ನ ಡಾ. ವಿನಯಾ ತಾವೇ ಹುಣಸಿಗೇರಿಗೆ ಬಂದರು. ಟಾಕಿ ಇದ್ದ ಜಾಗ ನೋಡಿದರು, ಶಾಲೆಗೆ ಬಂದು ರೇಣವ್ವನ ಕೈಯಿಂದ ಚಹಾ ಇಸಿದುಕೊಂಡರು. ಇವರೇ ಕಡಗ ಮಾಡಿದವರು ಎಂದು ಭೂಮಿಕಾ ಹೇಳಿದಾಗ ರೇಣವ್ವ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿ, "ನಿಮ್ಮ ಕೈ ಬರಿ ಐತಲ್ರಿ!" ಎಂದಳು. ವಿಜ್ಞಾನಿ ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡರು. ರೇಣವ್ವ ಸಕ್ಕರೆ ತರಲು ಹೋದಳು.

"ಒಂದು ಕೇಳಬೇಕಿತ್ರಿ ಮೇಡಂ," ಎಂದಳು ಭೂಮಿಕಾ. "ಮನುಷ್ಯಾಗ ಇಷ್ಟ ತಡಿತೈತಿ, ಇದಕ್ಕಿಂತ ಹೆಚ್ಚು ಬ್ಯಾಡ ಅನ್ನೂ ಮಿತಿ ನೀವು ಎಲ್ಲಿಂದ ತಂದ್ರಿ?"

"ನಾ ತರಲಿಲ್ಲ. ಅಳದೆ." ಡಾ. ವಿನಯಾ ಲೋಟದ ಅಂಚನ್ನು ಬೆರಳಿನಿಂದ ಸವರಿದರು. "ಇಪ್ಪತ್ತರ ದಶಕದಾಗ ನಾ ಇನ್ನೂ ವಿದ್ಯಾರ್ಥಿ. ಆವಾಗ ಕಡಗ ಇರಲಿಲ್ಲ, ಎಲ್ಲಾರ ಕೈಯಾಗೂ ಮೊಬೈಲ್ ಇತ್ತು. ಮಂದೀನ್ನ ಕೂಡಿಸಿ, ನಾಡಿಗೆ ತಂತಿ ಹಚ್ಚಿ, ಮೊಬೈಲಿನಾಗ ಸುದ್ದಿ ತೋರಸ್ತಿದ್ದೆ. ಮನಿ ಕುಸದು ಸತ್ತವರ ಸುದ್ದಿ, ಅದರ ಕೆಳಗ ಯಾರೋ ಕುಣದದ್ದು, ಅದರ ಕೆಳಗ ಹೋಳಿಗಿ ಮಾಡೂದು. ಸತ್ತವರ ಸುದ್ದಿ ಬಂದಾಗ ಹೆಬ್ಬೆರಳು ಅದನ್ನ ಯಾವಾಗ ಮ್ಯಾಲ ದೂಡತದ ಅಂತ ಬರಕೊಂಡೆ. ನಾಡಿ ಏರೂದಕ್ಕ ಮೊದಲ ದೂಡಿಬಿಡ್ತಿದ್ದರು. ಆ ಹೆಬ್ಬೆರಳು ನಿಂತಷ್ಟು ಹೊತ್ತ ನನ್ನ ಮಿತಿ. ನಾ ಹೊಸದೇನೂ ಮಾಡಲಿಲ್ಲ ಭೂಮಿಕಾ. ಬೆರಳಿನ ಕೆಲಸಾ ಕಡಗಕ್ಕ ಕೊಟ್ಟೆ."

ಪಡಸಾಲೆಯಲ್ಲಿ ಹುಡುಗರು ಗದ್ದಲ ಹಾಕುತ್ತಿದ್ದರು. ಭೂಮಿಕಾ ತನ್ನ ಹೆಬ್ಬೆರಳನ್ನೊಮ್ಮೆ ನೋಡಿಕೊಂಡಳು.

"ಒಬ್ಬರೂ ನಿಲ್ಲಸಲಿಲ್ಲೇನ್ರಿ, ಬೆರಳು?"

"ನಿಲ್ಲಿಸಿದವರಿದ್ದರು," ಎಂದರು ಡಾ. ವಿನಯಾ. "ಪೂರಾ ಓದಿದವರಿದ್ದರು. ಓದಿ, ಇದು ಯಾವ ಊರು, ನಾ ಹೋಗಬೇಕು ಅಂತ ಎದ್ದು ನಿಂತವರೂ ಇದ್ದರು. ಎಲ್ಲಾರದೂ ಕೂಡಿಸಿ ಸರಾಸರಿ ತಗದಾಗ ಅವರು ಕಾಣದಂಗಾದರು. ಅಷ್ಟ ಕಡಿಮಿ ಇದ್ದರು ನೋಡು, ಆವಾಗ."