ನಗುವಿಗೆ ಬಿಟ್ಟ ಜಾಗ

"ಅಕ್ಕಾ, ಇದು ನಾಟಕ ಅಲ್ಲ, ರೇಡಿಯೋ. ಜನ ನಗಲಿ ಅಂತ ಮಧ್ಯೆ ಮಧ್ಯೆ ನಿಲ್ಲಿಸ್ಬೇಡಿ. ಇಲ್ಲಿ ನಗೋಕೆ ಯಾರೂ ಇರಲ್ಲ," ಎಂದು ಇಂಜಿನಿಯರ್ ಗಾಜಿನಾಚೆ ಹೋಗಿ ಕೂತ.

ಇಪ್ಪತ್ತೆರಡು ವರ್ಷ ರಂಗದ ಮೇಲೆ ಜನರನ್ನು ನಗಿಸಿದವಳು ನಾನು. ನಮ್ಮ ನಾಟಕ ಕಂಪನಿ ಮುಚ್ಚಿತ್ತು. ಆ ಬೆಳಗಿನ ನೇರಪ್ರಸಾರದಲ್ಲಿ ಗೆದ್ದರಷ್ಟೇ ಕೆಲಸ. ಆದರೆ ಹಾಳು ಅಭ್ಯಾಸ ಬಿಡಬೇಕಲ್ಲ! ಗೊರಕೆ ಹೊಡೆಯುವ ಗಂಡನ ಪ್ರಸಂಗ ಹೇಳಿದವಳೇ ನಿಲ್ಲಿಸಿಬಿಟ್ಟೆ. ಇಂಜಿನಿಯರ್ ಹಣೆ ಚಚ್ಚಿಕೊಂಡ.

ಆಗ ನನ್ನ ಹೆಡ್‌ಫೋನಿನಲ್ಲಿ ಒಬ್ಬ ಹೆಂಗಸು ನಕ್ಕಳು, ತೀರ ಹತ್ತಿರದಿಂದ, ಉಸಿರು ಸಿಕ್ಕಿಕೊಳ್ಳುವ ಹಾಗೆ. ಎದುರಿಗೆ ಎರಡನೇ ಮೈಕಿನ ಮುಂದಿದ್ದ ಕುರ್ಚಿ ಖಾಲಿಯಿತ್ತು. ಕೋಣೆಯ ತಣುಪಿಗೆ ನನ್ನ ಬೆರಳು ಮರಗಟ್ಟಿದ್ದವು. ಆದರೂ ನಗು ಕೇಳಿದ ಮೇಲೆ ನನ್ನನ್ನು ಹಿಡಿಯುವವರುಂಟೇ? ಒಂಬತ್ತು ಸಲ ನಿಲ್ಲಿಸಿದೆ. ಒಂಬತ್ತು ಸಲವೂ ಅವಳು ನಕ್ಕಳು.

ಮುಗಿಯುವಷ್ಟರಲ್ಲಿ ಫೋನುಗಳು ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ನಿಲಯದ ಯಜಮಾನರು ಓಡಿಬಂದರು. "ನಾಳೆಯಿಂದ ದಿನಾ ಬನ್ನಿ ತಾಯಿ! ಜೊತೆಗೆ ನಗ್ತಿದ್ರಲ್ಲ, ಅವರನ್ನೂ ಕರ್ಕೊಂಡ್ಬನ್ನಿ."

ಹದಿನಾರು ವರ್ಷ ನಡೆದ ನನ್ನ ಕಾರ್ಯಕ್ರಮಕ್ಕೆ ಅಪ್ಪಣೆ ಸಿಕ್ಕಿದ್ದು ಹಾಗೆ.

"ಅಕ್ಕ ಒಬ್ರೇ ಇದ್ದಿದ್ದು ಸಾರ್," ಎಂದ ಇಂಜಿನಿಯರ್, ಮುಖ ಬಿಳುಚಿಕೊಂಡು. "ಆದ್ರೆ ಎರಡನೇ ಮೈಕಿನ ದನಿ ಅಳೆಯೋ ಮುಳ್ಳು ಕುಣೀತಾ ಇತ್ತು."

ಖಾಲಿ ಕುರ್ಚಿಯ ಮುಂದಿದ್ದ ಹೆಡ್‌ಫೋನನ್ನು ಎತ್ತಿಕೊಂಡೆ. ಕಿವಿಗೆ ತಾಗುವ ಮೆತ್ತೆಗಳೆರಡೂ ಬೆಚ್ಚಗಿದ್ದವು.