ಎರಡನೇ ಸ್ಕ್ರೀನಿನ ಪಟ್ಟಿ

ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆಯುವ ಹುಡುಗಿಗೆ ಆ ಶುಕ್ರವಾರ ನಿಜವಾಗಿಯೂ ಒಂದು ತೊಂದರೆ ಬಂದಿತ್ತು. ತೋಳ ಬಂತು ತೋಳ ಅಂತ ಮೂರು ತಿಂಗಳು ಕೂಗಿದ ಮೇಲೆ ತೋಳವೇ ಬಂದು ಬಾಗಿಲಲ್ಲಿ ನಿಂತ ಹಾಗೆ.

ಮೇಜಿನ ಮೇಲೆ ಎರಡು ಮಾನಿಟರ್. ಆದರೆ ಮನೆಯಿಂದಲೇ ರಿಮೋಟಿನಲ್ಲಿ ಆಫೀಸಿನ ಕಂಪ್ಯೂಟರ್ ತೆರೆದರೆ ಅದು ಒಂದರಲ್ಲೇ ಮುದುಡಿ ಕೂರುತ್ತಿತ್ತು. ನಕ್ಷೆ ತೆರೆದರೆ ಅಳತೆಯ ಹಾಳೆ ಮುಚ್ಚಬೇಕು, ಅಳತೆ ನೋಡಿದರೆ ನಕ್ಷೆ ಮಾಯ. ಬೆಳಿಗ್ಗೆಯಿಂದ ನಕ್ಷೆಯಲ್ಲಿ ಒಂದೇ ಅಡುಗೆಮನೆಯ ಬಾಗಿಲನ್ನು ಎರಡು ಸಲ ಬಚ್ಚಲಿಗೆ ತೆರೆದಿದ್ದಳು.

"ಹೆಲ್ಪ್‌ಡೆಸ್ಕಿಗೆ ಫೋನ್ ಮಾಡೇ," ಅಂದರು ಸೋಫಾದಲ್ಲಿದ್ದ ಅಜ್ಜಿ. "ಹೇಗೂ ಮಾಡೋಳೇ. ಇವತ್ತು ಪ್ಲಗ್ ಕೀಳೋ ಕಷ್ಟವಾದರೂ ಉಳೀತು."

"ಸುಮ್ನಿರಜ್ಜಿ."

ಅಜ್ಜಿ ಹೇಳಿದ್ದು ಸುಳ್ಳೇನಲ್ಲ. ಹೆಲ್ಪ್‌ಡೆಸ್ಕಿನ ಹುಡುಗನ ಮುಖವನ್ನೇ ಅವಳು ನೋಡಿರಲಿಲ್ಲ. ಆ ದನಿ ಕೇಳಲೆಂದೇ ವಾರಕ್ಕೆರಡು ಕುಂಟುನೆಪ ಹುಡುಕುತ್ತಿದ್ದಳು. ಹೇಳಿದ ನೆಪವನ್ನೇ ಮತ್ತೆ ಹೇಳಿ ಸಿಕ್ಕಿಬೀಳಬಾರದೆಂದು ಒಂದು ಪಟ್ಟಿಯನ್ನೂ ಬರೆದಿಟ್ಟಿದ್ದಳು. ಅವನು ದೂರದಿಂದ ಅವಳ ಕಂಪ್ಯೂಟರಿನೊಳಗೆ ಬಂದಾಗಲೆಲ್ಲ ಅದನ್ನು ಎರಡನೇ ಮಾನಿಟರಿಗೆ ಸರಿಸುತ್ತಿದ್ದಳು. ಅವನು ನೋಡುತ್ತಿದ್ದದ್ದು ಮೊದಲನೆಯದನ್ನು ಮಾತ್ರ.

"ಹೇಳಿ ಮೇಡಂ, ಇವತ್ತು ಏನು ಮುನಿಸಿಕೊಂಡಿದೆ?" ದನಿಯಲ್ಲೇ ನಗು.

ಹೇಳಿದಳು.

"ಅರೆ, ಇದು ನಿಜವಾದ ತೊಂದರೆ," ಅಂದ ಅವನು, ಆಶ್ಚರ್ಯಪಟ್ಟವನ ಹಾಗೆ. "ಒಳ್ಳೇದೇ ಆಯ್ತು. ಇದು ನನ್ನ ಕೊನೇ ಕಾಲ್. ಸೋಮವಾರದಿಂದ ನನ್ನನ್ನ ಸರ್ವರ್ ವಿಭಾಗಕ್ಕೆ ಹಾಕಿದ್ದಾರೆ. ಅಲ್ಲಿ ಫೋನ್ ಎತ್ತೋ ಕೆಲಸ ಇಲ್ಲ."

ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ. ಬಾಯಿ ತೆರೆದರೆ ಬಂದದ್ದು "ಹೌದಾ, ಒಳ್ಳೇದು" ಅಂತ. ಹಾಳು ಬಾಯಿ.

"ಕನೆಕ್ಟ್ ಆಗೋ ಮುಂಚೆ ಡಿಸ್‌ಪ್ಲೇ ಅಂತಿದೆಯಲ್ಲ, ಅಲ್ಲಿ ಎಲ್ಲ ಮಾನಿಟರ್ ಬಳಸು ಅನ್ನೋದಕ್ಕೆ ಟಿಕ್ ಹಾಕಿದ್ರಾಯ್ತು. ಸರಿಯಾಗಿ ಹರಡುತ್ತಾ ನೋಡೋಕೆ ನಿಮ್ಮ ಎರಡೂ ಸ್ಕ್ರೀನ್ ನನಗೆ ಕಾಣಬೇಕು. ತೆರೀಲಾ?"

"ಹ್ಞೂಂ," ಅಂದಳು. ಮನಸ್ಸೆಲ್ಲ ಸೋಮವಾರದಲ್ಲಿತ್ತು.

ಅವನ ಮೌಸಿನ ಬಾಣ ಆಚೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಯಾಕೋ ಅಂತ ಅವಳು ಎರಡನೇ ಮಾನಿಟರಿನ ಕಡೆ ತಿರುಗಿದಳು. ಪಟ್ಟಿ ಅಗಲವಾಗಿ ತೆರೆದುಕೊಂಡಿತ್ತು.

ಸೋಮವಾರ (ಆಯ್ತು): ಸೌಂಡ್ ಬರಲ್ಲ. ಮ್ಯೂಟ್ ಮಾಡಿಟ್ಟುಕೊಳ್ಳುವುದು.
ಮುಂದಿನ ಮಂಗಳವಾರ: ಪ್ರಿಂಟರ್. ಪ್ಲಗ್ ಈಗಾಗಲೇ ಕಿತ್ತಿದ್ದೇನೆ.
ಆಮೇಲೆ: ಏನಾದರೂ ದೊಡ್ಡದು ಹುಡುಕಬೇಕು. ಅವನು ನಕ್ಕರೆ ಆ ದಿನವೆಲ್ಲ ಚೆನ್ನಾಗಿರುತ್ತೆ.

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಕೈ ತಾನಾಗಿಯೇ ಮೇಜಿನ ಕೆಳಗೆ ಹೋಯಿತು.

"ಮೇಡಂ, ಪ್ಲಗ್ ಮಾತ್ರ ಕೀಳ್ಬೇಡಿ," ಅಂದ ಅವನು ಮೆಲ್ಲಗೆ. "ಮ್ಯೂಟ್ ತೆಗೆಯೋದು ಒಂದು ಕ್ಲಿಕ್ಕಿನ ಕೆಲಸ. ಮೊನ್ನೆ ಸೋಮವಾರ ನಾನು ನಲವತ್ತು ನಿಮಿಷ ಹುಡುಕಿದೆ. ಯಾಕೆ ಅಂತ ನೀವು ಕೇಳಲೇ ಇಲ್ಲ."

"ಯಾಕೆ?" ಅಂದಳು.

"ಸಿಕ್ಕಿಬಿಟ್ಟರೆ ನೀವು ಫೋನ್ ಇಟ್ಟುಬಿಡ್ತೀರಲ್ಲ. ನಿಮ್ಮ ಜೊತೆ ಮಾತಾಡೋದಂದ್ರೆ ನನಗೆ ತುಂಬಾ ಇಷ್ಟ."

ಪಟ್ಟಿಯ ಕೆಳಗೆ ಒಂದೊಂದೇ ಅಕ್ಷರ ಮೂಡತೊಡಗಿತು. ನಾಳೆ ಶನಿವಾರ: ಏನೂ ಕೆಟ್ಟಿಲ್ಲ. ಆದರೂ ನಾಲ್ಕು ಗಂಟೆಗೆ ಆಫೀಸಿನ ಎದುರಿನ ಪಾರ್ಕಿನಲ್ಲಿ.

"ಈಗ ಮೌಸ್ ನಿಮ್ಮ ಕೈಗೆ ಬಿಟ್ಟಿದ್ದೀನಿ. ಬೇಡ ಅಂದ್ರೆ ಅಳಿಸಿಬಿಡಿ. ನಾನೇನೂ ನೋಡಿಲ್ಲ ಅಂದ್ಕೊಳ್ತೀನಿ."

ಅವಳು ಅಳಿಸುವ ಕೀಲಿಯನ್ನೇ ಒತ್ತಿದಳು. ನಾಲ್ಕು ಹೋಯಿತು, ಅದರ ಜಾಗದಲ್ಲಿ ಮೂರು ಬಂದು ಕೂತಿತು.

"ಒಂದು ಗಂಟೆ ಸುಮ್ನೆ ಯಾಕೆ ಕಾಯೋದು?" ಅಂದಳು. ಅವನು ನಕ್ಕ. ಆ ನಗು ಅವಳಿಗೆ ಬರೀ ಒಂದು ದಿನಕ್ಕೆ ಸಾಲುವಂಥದ್ದಾಗಿರಲಿಲ್ಲ.

ಫೋನ್ ಇಟ್ಟ ಮೇಲೆ ನೋಡಿದರೆ ಇಬ್ಬರೂ ಟಿಕ್ ಹಾಕುವುದನ್ನೇ ಮರೆತಿದ್ದರು. ಅವಳೇ ಹಾಕಿದಳು. ನಕ್ಷೆ ಒಂದು ಸ್ಕ್ರೀನಿನಲ್ಲಿ, ಅಳತೆ ಇನ್ನೊಂದರಲ್ಲಿ ಆರಾಮಾಗಿ ಹರಡಿಕೊಂಡವು.

"ಸರಿಹೋಯ್ತೇನೇ?" ಅಂದರು ಅಜ್ಜಿ.

"ಹೋಯ್ತಜ್ಜಿ."

"ಹಾಗಾದ್ರೆ ಆ ಪ್ರಿಂಟರಿನ ಪ್ಲಗ್ ಹಾಕು. ಇನ್ನು ನೆಪದ ಅವಶ್ಯಕತೆ ಇಲ್ಲ ನಿನಗೆ."