ಮೇಲಿನ ಬೀದಿಯ ಹಸಿರು ನೀರು

ಅವನು ಮೊದಲ ಸಲ ಅವಳ ಅಂಗಡಿಗೆ ಬಂದದ್ದು ಕೈ ತೊಳೆಯಲು ನೀರು ಕೇಳಿಕೊಂಡು. ಅವನ ಕೈ ಮೊಣಕೈವರೆಗೆ ಕೆಸರು, ಅವಳ ಕೈ ಮೊಣಕೈವರೆಗೆ ನೀಲಿ. ಇಬ್ಬರೂ ಮೊದಲು ಕೈ ನೋಡಿಕೊಂಡರು, ಆಮೇಲೆ ಮುಖ. ನಗು ಬಂದದ್ದು ಅವಳಿಗೇ ಮೊದಲು.

ಕಡಲ ದಡದ ಆ ಚಿಕ್ಕ ಊರಿನ ಒಳಚರಂಡಿ ಸರಿಮಾಡಲೆಂದು ಐದು ಮಂದಿ ಇಂಜಿನಿಯರುಗಳು ತಮ್ಮ ತಮ್ಮ ಆಫೀಸಿಗೆ ಮೂರು ವಾರ ರಜೆ ಹಾಕಿ, ಬಿಡಿಗಾಸು ಕೇಳದೆ ದುಡಿಯಲು ಬಂದಿದ್ದರು. ಇವನು ಅವರಲ್ಲೊಬ್ಬ. ಯಾವ ಹೊತ್ತಿಗೂ ಮ್ಯಾನ್‌ಹೋಲಿನೊಳಗೆ ತಲೆ ಹಾಕಿರುತ್ತಿದ್ದುದರಿಂದ ಊರವರು ಅವನಿಗೆ ಚರಂಡಿ ಸಾಹೇಬ ಎಂದು ಹೆಸರಿಟ್ಟರು. ಅವಳು ಅಣ್ಣನ ಜೊತೆ ಬಟ್ಟೆಗೆ ಬಣ್ಣ ಹಾಕುವವಳು. ವಯಸ್ಸು ಮೂವತ್ತನಾಲ್ಕು. ನೋಡಲು ಬಂದ ಎರಡು ಗಂಡುಗಳು ಉಗುರಿನ ಬಣ್ಣ ಕಂಡು ಹಿಂತಿರುಗಿದ್ದರು. ಅದಕ್ಕೆಲ್ಲ ಅತ್ತವಳಲ್ಲ ಅವಳು.

ಮಾರನೆಯ ದಿನವೂ ಅವನು ಕೈ ತೊಳೆಯಲು ಬಂದ. ಅದರ ಮಾರನೆಯ ದಿನ ಕೈ ಸ್ವಚ್ಛವಾಗಿಯೇ ಇತ್ತು, ಆದರೂ ಬಂದ.

"ಪಾಪ, ಊರಲ್ಲಿ ಇನ್ನೆಲ್ಲೂ ನಲ್ಲಿ ಇಲ್ಲ ಕಣೇ," ಎಂದಳು ಅತ್ತಿಗೆ, ಒಲೆಯ ಹತ್ತಿರದಿಂದಲೇ.

ಅವಳು ಕೇಳಿಸದವಳಂತೆ ಹಂಡೆ ಕದಡಿದಳು. ಕಿವಿ ಮಾತ್ರ ಕೆಂಪಾಯಿತು.

ಕೊನೆಯ ವಾರ ಅವನು ನಕ್ಷೆ ಹಾಸಿ ತೋರಿಸಿದ. ಪೈಪು ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಲು ಮೇಲಿನ ಬೀದಿಯ ಕಕ್ಕಸುಗಳಲ್ಲಿ ಹಸಿರು ಪುಡಿ ಕದಡಿ ಸುರಿದಿದ್ದನಂತೆ, ಹಸಿರು ನೀರು ಕಡಲ ಬದಿಯ ಮ್ಯಾನ್‌ಹೋಲಿಗೆ ಬಂತಂತೆ. ಅಂದಮೇಲೆ ಆ ಬೀದಿಯ ಪೈಪು ಗಟ್ಟಿ, ಅಗೆಯುವ ಕೆಲಸವೇ ಇಲ್ಲ. ಯಾವತ್ತು ಸುರಿದದ್ದು ಎಂದು ಅವಳು ಕೇಳಿದಳು. ಮಂಗಳವಾರ, ಹನ್ನೊಂದು ಗಂಟೆಗೆ ಎಂದ.

ಅದೇ ಮಂಗಳವಾರ, ಅದೇ ಹೊತ್ತಿಗೆ, ಶಾಲೆಯ ಪರದೆಗಳಿಗೆ ಬಣ್ಣ ಹಾಕಿ ಉಳಿದ ಒಂದು ಹಂಡೆ ಹಸಿರನ್ನು ಅವಳು ಮೋರಿಗೆ ಚೆಲ್ಲಿದ್ದಳು. ಅಂಗಡಿ ಇದ್ದದ್ದು ಬೇರೆ ಬೀದಿಯಲ್ಲಾದರೂ ಮೋರಿಯ ನೀರು ಹೋಗುವುದೂ ಅದೇ ಮ್ಯಾನ್‌ಹೋಲಿಗೆ.

ನಕ್ಷೆಯ ಒಂದು ಪ್ರತಿಯನ್ನು ಅವನು ಆಗಲೇ ತಂಡದ ಮುಖ್ಯಸ್ಥೆಗೆ ಒಪ್ಪಿಸಿಯಾಗಿತ್ತು. ಹೇಳಿದರೆ ನಾಲ್ಕು ಜನರೆದುರು ಅವನ ತಲೆ ತಗ್ಗುತ್ತದೆ. ಮತ್ತೆ ಈ ಅಂಗಡಿಯ ಮೆಟ್ಟಿಲು ಹತ್ತುತ್ತಾನೆಯೇ? ಹೇಳದಿದ್ದರೆ, ಪೈಪು ನಿಜಕ್ಕೂ ಒಡೆದಿದ್ದರೆ, ಮೇಲಿನ ಬೀದಿಯ ಹೊಲಸು ನೆಲದೊಳಗೇ ಜಿನುಗಿ ಬಾವಿ ಸೇರುತ್ತಿರುತ್ತದೆ. ಸುಮ್ಮನಿರು, ಶನಿವಾರ ಹೊರಟುಹೋಗುತ್ತಾರಲ್ಲ ಎಂದ ಅಣ್ಣ. ಅವಳ ಸಂಕಟವೂ ಅದೇ ಆಗಿತ್ತು. ಊಟದ ತಟ್ಟೆ ಅತ್ತ ಸರಿಸಿದಳು. ಎದ್ದು ಚಪ್ಪಲಿ ಮೆಟ್ಟಿ ಅವನಿದ್ದ ಕಡೆ ನಡೆದಳು.

"ಮಂಗಳವಾರ ನೀವು ನೋಡಿದ ಹಸಿರು ನಿಮ್ಮದಲ್ಲ. ನಂದು."

ಎಷ್ಟು ಚೆಲ್ಲಿದಿರಿ ಎಂದು ಕೇಳಿದ. ಒಂದು ಹಂಡೆ ಎಂದಳು. ಅವನು ಮ್ಯಾನ್‌ಹೋಲಿನ ಮುಚ್ಚಳದ ಮೇಲೆಯೇ ಕುಳಿತುಬಿಟ್ಟ.

"ತಪ್ಪು ನಂದೇ. ದಿನಾ ಬಂದು ನಿಮ್ಮ ಅಂಗಡೀಲಿ ಕೂತ್ಕೊಂಡ್ರೂ ಹಂಡೇಲಿ ಏನಿದೆ ಅಂತ ಒಂದಿನಾನೂ ನೋಡ್ಲಿಲ್ಲ."

"ಮತ್ತೆ ಏನ್ ನೋಡ್ತಿದ್ರಿ?"

ಅವನು ಮಡಚಿದ ನಕ್ಷೆಯನ್ನೇ ಮತ್ತೆ ಮಡಚಿದ.

ಪರೀಕ್ಷೆ ಹೊಸದಾಗಿ ನಡೆಯಿತು. ಎರಡು ದಿನ ಬಣ್ಣದ ಕೆಲಸವಿಲ್ಲದೆ ಅವಳ ಹಂಡೆಗಳು ಮಗುಚಿಕೊಂಡಿದ್ದವು. ಮ್ಯಾನ್‌ಹೋಲಿಗೆ ಹಸಿರಿನ ಹನಿಯೂ ಬರಲಿಲ್ಲ. ಮೇಲಿನ ಬೀದಿಯ ಸೂಲಗಿತ್ತಿಯ ಬಾವಿಯಲ್ಲಿ ಹಸಿರು ತೆಳುವಾಗಿ ಕಾಣಿಸಿತು. ತಪ್ಪು ತನ್ನದೆಂದು ಅವನೇ ತಂಡಕ್ಕೆ ಹೇಳಿದ. ಬಣ್ಣದಂಗಡಿಯಲ್ಲೇ ಠಿಕಾಣಿ ಹೂಡಿದವನಿಗೆ ಬಣ್ಣ ತಿಳಿಯಲಿಲ್ಲವೇ ಎಂದು ಮುಖ್ಯಸ್ಥೆ ಛೇಡಿಸಿದಳಂತೆ. ಇಡೀ ಬೀದಿ ಅಗೆಯುವುದೆಂದು ತೀರ್ಮಾನವಾಯಿತು.

ಶನಿವಾರ ವ್ಯಾನು ಬಂದು ನಿಂತಾಗ ಅವನು ಬ್ಯಾಗು ಹಿಡಿದು ಅಂಗಡಿಯಲ್ಲಿದ್ದ. ಅಗೆತಕ್ಕೆ ನಾಲ್ಕು ತಿಂಗಳಾದರೂ ಬೇಕು, ಆಫೀಸಿಗೆ ರಜೆ ಬರೆದಿದ್ದೇನೆ ಎಂದ.

"ಅಗೆಯೋಕೆ ನೀವೇ ಬೇಕಾ?"

"ಬೇಡ. ಅದಕ್ಕೆ ಊರಿನ ಮೇಸ್ತ್ರಿ ಸಾಕು." ಅವನ ದನಿ ಸಣ್ಣದಾಯಿತು. "ನಾನು ಉಳಿಯೋದು ನಿಮಗೋಸ್ಕರ. ಬೇಡ ಅಂದ್ರೆ ಹೇಳಿ, ವ್ಯಾನ್ ಇನ್ನೂ ಇದೆ."

ಹೊರಗೆ ವ್ಯಾನು ಹಾರನ್ ಹೊಡೆಯಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಹೋದಳು. ಒಬ್ಬರು ಕಮ್ಮಿ ಇದ್ದಾರೆ ಎಂದು ಡ್ರೈವರ್ ಕೂಗಿ ಹೇಳಿದ.

"ಗೊತ್ತು," ಎಂದಳು. "ನೀವು ಹೊರಡಿ."